ಐಸ್ ಹಾಕಬಾರದು

ಮಲ್ಪೆಯ ಧಕ್ಕೆಯಲ್ಲಿ ಇಪ್ಪತ್ತೆರಡು ವರ್ಷ
ಮೀನು ಕೊಯ್ದವಳು ನಾನು.
ಅಂಜಲಿನ ಬೆನ್ನು, ಕೊಡ್ಡಾಯಿಯ ಹೊಟ್ಟೆ.
ತೇಡೆಯ ಮುಳ್ಳು ಚುಚ್ಚಿದರೆ ಬೆರಳು ಬಾಯಿಗಿಟ್ಟು ಚೀಪಿ
ಮತ್ತೆ ಕತ್ತಿ ಹಿಡಿದವಳು.
ರಕ್ತ ತಾನಾಗಿ ನಿಲ್ಲುತ್ತದೆ ಎಂಬುದು ಆಗ
ನಂಬಿಕೆಯೂ ಆಗಿರಲಿಲ್ಲ,
ಅಷ್ಟು ಸಹಜ.

ಮೊದಲು ಬಂದದ್ದು ಕಣಕಾಲಿಗೆ,
ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕಿ.
ಉಪ್ಪುನೀರಿನ ಕಜ್ಜಿ ಎಂದು ತೆಂಗಿನೆಣ್ಣೆ ಹಚ್ಚಿದೆ.
ತಿಕ್ಕಿದರೂ ಹೋಗಲಿಲ್ಲ, ಒತ್ತಿದರೂ ಮಾಸಲಿಲ್ಲ.
ಆಮೇಲೊಂದು ಬೆಳಿಗ್ಗೆ ಹಲ್ಲುಜ್ಜಿ ಉಗಿದರೆ
ಎಲೆಅಡಿಕೆ ಹಾಕದ ಬಾಯಿಂದ
ಎಲೆಅಡಿಕೆಯ ಬಣ್ಣ.

ಮಣಿಪಾಲದ ಡಾಕ್ಟರು ಸೊಂಟದ ಎಲುಬಿಗೆ ಸೂಜಿ ಇಳಿಸಿ
ಒಳಗಿರಬೇಕಾದ್ದನ್ನು ಹುಡುಕಿದರು.
"ಗದ್ದೆ ಇದೆ ಸುಗಂಧಿ, ಪೈರಿಲ್ಲ" ಅಂದರು.
ಪಾಪ, ಘಟ್ಟದ ಮೇಲಿನವರಿರಬೇಕು.
ನನಗೆ ನಾನೇ ಹೇಳಿಕೊಂಡೆ:
ಬಲೆ ಎಳೆದರು, ಬರೀ ನೀರು ಬಂತು.

ಧಕ್ಕೆಯಲ್ಲಿ ಏಲಂ ಕೂಗುವಾಗ ಸಾವಿರ ಮೇಲೆ ಹತ್ತುತ್ತದೆ,
ಒಂಬತ್ತು, ಒಂಬತ್ತೂವರೆ, ಹತ್ತು, ಯಾರುಂಟು ಹತ್ತಕ್ಕೆ?
ನನ್ನ ರಕ್ತದ ಏಲಂ ಉಲ್ಟಾ.
ಒಂದೂವರೆ ಲಕ್ಷ ಇರಬೇಕಾದಲ್ಲಿ
ಇಪ್ಪತ್ತು ಸಾವಿರ, ಹದಿನಾಲ್ಕು, ಒಂಬತ್ತು.
ಹತ್ತರ ಕೆಳಗೆ ಇಳಿದ ದಿನ ಚೀಲ ಏರಿಸುತ್ತಾರೆ.

ಆ ಚೀಲ ನೋಡಿ ನನಗೆ ಸಂಶಯ ಬಂತು.
ರಕ್ತ ಅಂದರೆ ಕೆಂಪಲ್ಲವೋ?
ಇದು ಬೇಳೆ ಬೇಯಿಸಿ ಬಸಿದ ತಿಳಿ.
"ಐಸಿನಲ್ಲಿ ಇಟ್ಟಿದ್ದಿರಾ?" ಕೇಳಿದೆ,
ನಮ್ಮ ಕಸುಬಿನ ಮೊದಲ ಪ್ರಶ್ನೆ ಅದು.
ಬ್ಲಡ್ ಬ್ಯಾಂಕಿನ ಪ್ರೆಸಿಲ್ಲಾ ನಕ್ಕಳು.
"ಪ್ಲೇಟ್‌ಲೆಟ್‌ಗೆ ಐಸ್ ಹಾಕಬಾರದು ಅಕ್ಕಾ. ಹೊರಗೇ ಇಡಬೇಕು,
ಅದೂ ಸುಮ್ಮನೆ ಅಲ್ಲ, ತೂಗುತ್ತಾ ಇರಬೇಕು.
ನಿಲ್ಲಿಸಿದರೆ ಕೆಡುತ್ತದೆ.
ಎಷ್ಟು ತೂಗಿದರೂ ಐದೇ ದಿನ."
ಬಾಗಿಲ ಗಾಜಿನಿಂದ ತೋರಿಸಿದಳು:
ಪೆಟ್ಟಿಗೆಯೊಳಗಿನ ತಟ್ಟೆಗಳು ಹಗಲೂ ರಾತ್ರಿಯೂ
ಆಚೆ ಈಚೆ, ಆಚೆ ಈಚೆ,
ಲಂಗರು ಹಾಕಿದ ದೋಣಿಗಳ ಹಾಗೆ.

ಒಂದು ಚೀಲಕ್ಕೆ ಒಬ್ಬರು ಒಂದೂವರೆ ಗಂಟೆ
ಕೈ ಚಾಚಿ ಮಲಗಬೇಕಂತೆ.
ಮೊದಲ ಸಲ ತಮ್ಮ ಮಲಗಿದ. ಆಮೇಲೆ ಬೋಟಿನ ತಾಂಡೇಲ.
ಮೂರನೆಯವನು ಐಸ್ ಪ್ಲಾಂಟಿನ ಹುಸೈನಾರ್.
ಐಸಿನ ತೂಕಕ್ಕೆ ಹನ್ನೆರಡು ವರ್ಷದ ಹಿಂದೆ
ನನ್ನೊಡನೆ ಜಗಳವಾಡಿ ಮಾತು ಬಿಟ್ಟವನು.
ಕೊಟ್ಟು, ಮಾವಿನ ಜ್ಯೂಸು ಕುಡಿದು,
ಮಂಚದ ಹತ್ತಿರ ಬಂದು ಚೀಲ ನೋಡಿ
"ತೂಕ ಸರಿ ಉಂಟಲ್ಲ?" ಅಂದ.
ಉತ್ತರಕ್ಕೆ ನಿಲ್ಲಲಿಲ್ಲ.

ಮನೆಯಲ್ಲಿ ಕತ್ತಿಗಳೆಲ್ಲ ಅಟ್ಟ ಸೇರಿವೆ.
ನನಗೆ ಮೊಮ್ಮಗಳದ್ದೇ ನಮೂನೆಯ ಬ್ರಷ್ಷು, ಕರಡಿಯ ಚಿತ್ರ ಉಂಟು ಅದರಲ್ಲಿ.
ಮೈಕೈ ನೋವಿಗೆ ಅಂಗಡಿಯ ಗುಳಿಗೆ ನುಂಗಬಾರದು,
ಕಕ್ಕಸಿನಲ್ಲಿ ತಿಣುಕಬಾರದು.
ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ,
ಹಾಲು ಹಾಕಿದ ಚಾಕ್ಕೆ ಎರಡು ಗಂಟೆ ಕಾಯಬೇಕು.
ಸಾವಿಗೂ ನಾನು ಹೀಗೆ ಹೆದರಿರಲಿಲ್ಲ,
ಆ ಎರಡು ಗಂಟೆಗೆ ಹೆದರುತ್ತೇನೆ.
ಸೊಸೆ ಶರ್ಮಿಳಾ ಮೀನು ಕೊಯ್ಯುತ್ತಾಳೆ,
ಅದಕ್ಕೆ ಕೊಯ್ಯುವುದು ಎನ್ನುವುದಾದರೆ.
ಬಂಗುಡೆಯ ತಲೆಯೊಟ್ಟಿಗೆ ಅರ್ಧ ಮೈಯೂ ಹೋಗುತ್ತದೆ.
"ಓರೆ ಹಿಡಿ ಮಾರಾಯ್ತಿ, ಓರೆ!"
ಬೊಬ್ಬೆ ಹೊಡೆಯುತ್ತೇನೆ ಹೊಸ್ತಿಲಾಚೆಯಿಂದ.

ಮಾತ್ರೆಯ ಗುಣ ಕಾಣಲು ಮೂರು ತಿಂಗಳಾದರೂ ಬೇಕಂತೆ.
ಮಳೆಗಾಲ ಅರವತ್ತೊಂದು ದಿನ ಬೋಟು ಇಳಿಯುವುದಿಲ್ಲ,
ಮೀನು ಮೊಟ್ಟೆ ಇಡಲಿ ಎಂದು.
ಆಗ ಯಾರೂ ಕಡಲಿಗೆ ಬಯ್ಯುವುದಿಲ್ಲ,
ಕೂತು ಬಲೆಯ ತೂತು ಹೊಲಿಯುತ್ತಾರೆ.
ನಾನು ಬಯ್ದೆ. ನನ್ನ ಎಲುಬಿಗೆ,
ಇಡೀ ಜೂನ್ ತಿಂಗಳು.

ಈ ವಾರ ಹತ್ತೊಂಬತ್ತು. ಚೀಲವಿಲ್ಲದೆ.
ಯಾರೂ ಚಪ್ಪಾಳೆ ತಟ್ಟುವ ರೇಟಲ್ಲ ಅದು.
ರಾತ್ರಿ ಚಾಪೆಯಲ್ಲಿ ಮಲಗಿ
ಪಾದ ಆಡಿಸುತ್ತಿರುತ್ತೇನೆ, ಆಚೆ ಈಚೆ.
"ನಿದ್ದೆ ಬರಲಿಲ್ಲವೋ ಅತ್ತೆ?" ಕೇಳುತ್ತಾಳೆ ಶರ್ಮಿಳಾ.
ಬಂದಿದೆ ಮಗಾ, ಬಂದಿದೆ.
ನಿಲ್ಲಿಸಿದರೆ ಕೆಡುತ್ತದಂತೆ.